ನೀರು ಬಂದ ಮರುದಿನದ ಅಂಕಿ

ಎರಡು ಸಾವಿರದ ಇಪ್ಪತ್ತೆರಡನೆಯ ಇಸವಿ; ಆಗ ನನಗೆ ನಲವತ್ತೊಂಬತ್ತು ವರ್ಷ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸಂಧಿವಾತ ಘಟಕದಲ್ಲಿ ರೋಗದ ತೀವ್ರತೆಯನ್ನು ಅಳೆದು ಬರೆದಿಡುವ ಕೆಲಸ ನನ್ನದಾಗಿತ್ತು. ಅದಕ್ಕೂ ಮೊದಲು ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದೆನೆಂಬುದು ಇಲ್ಲಿ ಒಂದೇ ಕಾರಣಕ್ಕೆ ಪ್ರಸ್ತುತ. ಘಟಕದ ಮುಖ್ಯ ವೈದ್ಯೆಗೆ, ಒಂದೇ ಪ್ರಶ್ನೆಯನ್ನು ನೂರು ಜನರಿಗೆ ನೂರು ಸಲವೂ ಒಂದೇ ಮಾತಿನಲ್ಲಿ, ಒಂದೇ ಧ್ವನಿಯಲ್ಲಿ ಕೇಳಬಲ್ಲ ಮನುಷ್ಯನೊಬ್ಬ ಬೇಕಾಗಿದ್ದ.

ಬೆನ್ನುಮೂಳೆಯ ಉರಿಯೂತದ ಸಂಧಿವಾತವೆಂಬುದು ವಿಚಿತ್ರ ಕಾಯಿಲೆ. ದೇಹದ ಕಾವಲು ವ್ಯವಸ್ಥೆಯೇ ಬೆನ್ನಿನ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬಿದ್ದುಕೊಂಡರೆ ನೋವು ಹೆಚ್ಚುತ್ತದೆ, ಓಡಾಡಿದರೆ ಇಳಿಯುತ್ತದೆ. ಬೆಳಗಿನ ಜಾವ ಅತಿ ಉಗ್ರವಾಗಿದ್ದು, ಮಧ್ಯಾಹ್ನದ ಹೊತ್ತಿಗೆ ರೋಗಿ ಎಲ್ಲರಂತೆ ಕಾಣುತ್ತಾನೆ. ಉರಿಯೂತ ಹಾಗೆಯೇ ಮುಂದುವರಿದರೆ ಬೆನ್ನಿನ ಮಣಿಗಳ ಅಂಚಿನಲ್ಲಿ ಹೊಸ ಮೂಳೆ ಚಿಗುರಿ ಒಂದು ಮಣಿ ಇನ್ನೊಂದಕ್ಕೆ ಬೆಸೆದುಕೊಳ್ಳುತ್ತದೆ. ಬೆಸೆದದ್ದನ್ನು ಯಾವ ಔಷಧವೂ ಬಿಡಿಸಲಾರದು. ಆದ್ದರಿಂದ, ಬೆಸೆಯುವುದಕ್ಕೆ ಮೊದಲೇ ಉರಿ ಎಷ್ಟಿದೆಯೆಂದು ಕಂಡುಕೊಳ್ಳಬೇಕು. ಜ್ವರಕ್ಕಿರುವಂತೆ ಇದಕ್ಕೊಂದು ಪಾದರಸದ ಕಡ್ಡಿ ಇಲ್ಲ. ರಕ್ತಪರೀಕ್ಷೆಯೂ ಹಲವರಲ್ಲಿ ಏನನ್ನೂ ಹೇಳದೆ ಸುಮ್ಮನಿರುತ್ತದೆ. ಕೊನೆಗೆ ರೋಗಿಯನ್ನೇ ಕೇಳಬೇಕಾಗುತ್ತದೆ.

ಕೇಳುವ ಪ್ರಶ್ನೆಗಳು ಆರು. ಕಳೆದ ಏಳು ದಿನಗಳಲ್ಲಿ ಆಯಾಸ ಎಷ್ಟಿತ್ತು. ಕುತ್ತಿಗೆ, ಬೆನ್ನು, ಸೊಂಟದ ನೋವು ಎಷ್ಟಿತ್ತು. ಉಳಿದ ಕೀಲುಗಳ ನೋವು, ಬಾವು ಎಷ್ಟಿತ್ತು. ಮುಟ್ಟಿದರೆ ಅಥವಾ ಒತ್ತಿದರೆ ನೋಯುವ ಜಾಗಗಳ ಬಾಧೆ ಎಷ್ಟಿತ್ತು. ಬೆಳಿಗ್ಗೆ ಎದ್ದಾಗಿನ ಬಿಗಿತ ಎಷ್ಟು ಉಗ್ರವಾಗಿತ್ತು. ಆ ಬಿಗಿತ ಎಷ್ಟು ಹೊತ್ತು ಉಳಿಯಿತು. ಪ್ರತಿಯೊಂದಕ್ಕೂ ರೋಗಿ ತಾನೇ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಕೊನೆಯ ಎರಡರ ಸರಾಸರಿಯನ್ನು ಮೊದಲ ನಾಲ್ಕಕ್ಕೆ ಕೂಡಿಸಿ ಐದರಿಂದ ಭಾಗಿಸಿದರೆ ಒಂದು ಅಂಕಿ ಉಳಿಯುತ್ತದೆ. ಅದು ನಾಲ್ಕು ಅಥವಾ ಮೇಲಿದ್ದರೆ ರೋಗ ಜೋರಾಗಿದೆಯೆಂದು ಅರ್ಥ.

ಅನಂತರ ಟೇಪಿನ ಸರದಿ. ರೋಗಿಯನ್ನು ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆಯ ಹಿಂಭಾಗ ಗೋಡೆಯಿಂದ ಎಷ್ಟು ದೂರ ಉಳಿಯಿತೆಂದು ಅಳೆಯಬೇಕು. ಆರೋಗ್ಯವಂತರಲ್ಲಿ ಅದು ಸೊನ್ನೆ. ಸೊಂಟದ ಬಳಿ ಚರ್ಮದ ಮೇಲೆ ಎರಡು ಗುರುತು ಹಾಕಿ, ಬಗ್ಗಿದಾಗ ಅವುಗಳ ನಡುವಿನ ಅಂತರ ಎಷ್ಟು ಹಿಗ್ಗುತ್ತದೆಂದು ನೋಡಬೇಕು. ಕುತ್ತಿಗೆ ಎಡಕ್ಕೆ, ಬಲಕ್ಕೆ ಎಷ್ಟು ತಿರುಗುತ್ತದೆಂದು ಕೋನಮಾಪಕದಿಂದ ಗುರುತಿಸಬೇಕು. ಈ ಕೆಲಸದ ಶಿಸ್ತೆಂದರೆ, ಅಳೆಯುವವನು ಪ್ರಶ್ನೆಗೆ ಒಂದು ಪದವನ್ನೂ ಸೇರಿಸಕೂಡದು, ಉತ್ತರಕ್ಕೆ ಹುಬ್ಬನ್ನೂ ಏರಿಸಕೂಡದು. ಔಷಧ, ಊಟ, ಮನೆ, ಸಂಸಾರ ಇವುಗಳನ್ನು ವಿಚಾರಿಸುವುದು ವೈದ್ಯರ ಕೆಲಸ. ಈ ಶಿಸ್ತು ನನಗೆ ಒಗ್ಗಿತ್ತು. ಹೇಳಬೇಕೆಂದರೆ ಹಿತವಾಗಿಯೂ ಇತ್ತು.

ಆ ವರ್ಷದ ಜೂನ್ ತಿಂಗಳಲ್ಲಿ ನಗರ ಸಾರಿಗೆ ಬಸ್ಸಿನ ನಿರ್ವಾಹಕಿಯೊಬ್ಬರು ನಮ್ಮಲ್ಲಿಗೆ ಬಂದರು. ಗಬ್ಬೂರಿನವರು, ಮೂವತ್ತಮೂರು ವರ್ಷದವರು. ಗಂಡ ಕಲಬುರಗಿ ಕಡೆ ಸರಕಾರಿ ಶಾಲೆಯ ಶಿಕ್ಷಕರಾದ್ದರಿಂದ ರಜೆಗೆ ಮಾತ್ರ ಮನೆಗೆ ಬರುವವರು. ಮನೆಯಲ್ಲಿ ಇವರು ಮತ್ತು ಅತ್ತೆ ಇಬ್ಬರೇ. ಸ್ಕ್ಯಾನಿನಲ್ಲಿ ಸೊಂಟದ ಕೀಲುಗಳು ಆಗಲೇ ಹಾಳಾಗಿರುವುದು ಕಾಣುತ್ತಿತ್ತು. ಕುತ್ತಿಗೆಯ ಮಣಿಗಳ ಅಂಚಿನಲ್ಲಿ ಮೂಳೆ ಚಿಗುರುತ್ತಿತ್ತು, ಆದರೆ ಇನ್ನೂ ಬೆಸೆದಿರಲಿಲ್ಲ.

"ಸೊಂಟ ಹೋದ್ರ ಹೋಗ್ಲಿ ಬಿಡ್ರಿ, ಹ್ಯಾಂಗಿದ್ರೂ ನಿಂತs ಇರೂದು ನಮ್ಮ ಕೆಲಸ," ಎಂದು ಅವರು ಮೊದಲ ದಿನವೇ ಹೇಳಿದರು. "ಕುತ್ತಿಗಿ ಒಂದ್ ಉಳಿಸಿಕೊಡ್ರಿ. ಬಸ್ಸಿನ್ಯಾಗ ಕುತ್ತಿಗಿ ಅಂದ್ರ ನನಗ ಕಣ್ಣಿದ್ದಂಗ್ರಿ. ಮುಂದಿನ ಬಾಗಲದಾಗ ಯಾರ ಹತ್ತಿದ್ರು, ಹಿಂದಿನ ಬಾಗಲದಾಗ ಯಾರ ಇಳದ್ರು, ತಿರಗಿ ನೋಡದs ಸೀಟಿ ಹೊಡದ್ರ ಮಂದಿ ಗಾಲಿ ಕೆಳಗ ಹೋಗ್ತಾರ್ರಿ."

ನಾನು ಪ್ರಶ್ನೆಗಳನ್ನು ಓದಿದೆ. ಅಂಕಿ ಆರರ ಮೇಲೆ ಬಂತು. ತಲೆಗೂ ಗೋಡೆಗೂ ನಡುವೆ ಎರಡು ಸೆಂಟಿಮೀಟರು.

ವೈದ್ಯೆ ಕೊಟ್ಟ ಮೊದಲ ನೋವಿನ ಗುಳಿಗೆ ಫಲ ಕೊಡಲಿಲ್ಲ. ಎರಡನೆಯದು ನೋವನ್ನು ಇಳಿಸಿತು. ಜೊತೆಗೆ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತವನ್ನೂ ಸುರಿಸಿತು. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತ ಕೊಡಬೇಕಾಯಿತು. ಇನ್ನು ನೋವಿನ ಗುಳಿಗೆಯನ್ನು ಮುಟ್ಟಲೇಕೂಡದೆಂದು ವೈದ್ಯೆ ಕಟ್ಟಪ್ಪಣೆ ಮಾಡಿದರು. ಉಳಿದ ದಾರಿ ಒಂದೇ: ಉರಿಯೂತವನ್ನು ಮೂಲದಲ್ಲಿಯೇ ತಡೆಯುವ ಚುಚ್ಚುಮದ್ದು. ಅದು ನೆರವಿನ ಯೋಜನೆಯಿಂದ ಮಾತ್ರ ಸಿಗುವಂಥದ್ದು. ಅದನ್ನು ಮಂಜೂರು ಮಾಡುವ ತಜ್ಞರ ಸಮಿತಿಯ ನಿಯಮವೂ ಸ್ಪಷ್ಟವಾಗಿತ್ತು: ಬೇರೆ ಬೇರೆ ತಿಂಗಳುಗಳಲ್ಲಿ, ಒಂದರ ಹಿಂದೊಂದು ನಡೆದ ಎರಡು ಅಳತೆಗಳಲ್ಲಿ ಅಂಕಿ ನಾಲ್ಕನ್ನು ಮುಟ್ಟಿರಬೇಕು.

ಸೆಪ್ಟೆಂಬರಿನಲ್ಲಿ ಎರಡನೆಯ ಅಳತೆ. ಅಂಕಿ ಮೂರಕ್ಕಿಂತ ತುಸು ಹೆಚ್ಚು. ಡಿಸೆಂಬರಿನಲ್ಲಿ ಮೂರನೆಯದು, ಆಗಲೂ ಮೂರು. ಗುಳಿಗೆಯಿಲ್ಲದೆಯೇ ರೋಗ ತಾನಾಗಿ ಶಾಂತವಾಗುತ್ತಿದೆಯೆಂದು ಸಮಿತಿ ಅರ್ಜಿಯನ್ನು ಹಿಂದಿರುಗಿಸಿತು. ಕಾಗದವನ್ನಷ್ಟೇ ನೋಡಿದರೆ ಸಮಿತಿಯ ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಅದೇ ಡಿಸೆಂಬರಿನಲ್ಲಿ ತಲೆಗೂ ಗೋಡೆಗೂ ಇದ್ದ ಅಂತರ ಮೂರು ಸೆಂಟಿಮೀಟರನ್ನು ದಾಟಿತ್ತು. ಅಂಕಿ ಇಳಿಯುತ್ತಿತ್ತು, ಅಂತರ ಬೆಳೆಯುತ್ತಿತ್ತು. ನಾನು ಟೇಪನ್ನು ಅನುಮಾನಿಸಿ ಹೊಸ ಟೇಪು ತಂದೆ. ನನ್ನ ಕೈಯನ್ನು ಅನುಮಾನಿಸಿ ವೈದ್ಯೆಯಿಂದಲೇ ಇನ್ನೊಮ್ಮೆ ಅಳೆಯಿಸಿದೆ. ಅಳತೆ ಬದಲಾಗಲಿಲ್ಲ.

ಅರ್ಜಿ ಹಿಂದಿರುಗಿದ ಸುದ್ದಿ ಕೇಳಿ ಮುಂದಿನ ಸಲ ಅತ್ತೆಯೇ ಜೊತೆಗೆ ಬಂದರು. ಅರವತ್ತು ದಾಟಿದವರು, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಸೊಸೆಯನ್ನು ಹೊರಗೆ ನಿಲ್ಲಿಸಿ, ನನ್ನ ಎದುರು ಕುರ್ಚಿಯಲ್ಲಿ ಕುಳಿತರು.

"ಮಾಸ್ತರ, ಮೂರು ಬಂದೈತಂತಲ್ರಿ. ನಾಕು ಬೇಕಂತಲ್ಲ."

"ಹೌದ್ರಿ."

"ನಿಮ್ಮ ಕೈಯಾಗಿನ ಪೆನ್ನು. ಒಂದ್ ಅಂಕಿ. ಸಾಲ್ಯಾಗ ಹುಡುಗೂರಿಗೆ ಪಾಸ್ ಮಾಡಾಕ ಐದಾರು ಮಾರ್ಕ್ಸ್ ಹಾಕತಿದ್ರಿಲ್ಲ ನೀವು?"

"ಹಾಕತಿರ್ಲಿಲ್ರೀ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹೌದ್ ಬಿಡ್ರಿ, ಮಾರಿ ನೋಡಿದ್ರs ತಿಳೀತೈತಿ," ಎಂದರು.

ಸುಳ್ಳು ಅಂಕಿಯೊಂದು ಒಮ್ಮೆ ಸಿಕ್ಕಿಬಿದ್ದರೆ ಸಮಿತಿಯು ನಮ್ಮ ಘಟಕದ ಯಾವ ಅಂಕಿಯನ್ನೂ ನಂಬುವುದಿಲ್ಲ, ಆಗ ಉಳಿದ ರೋಗಿಗಳ ಗತಿಯೂ ಅಷ್ಟೇ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಒಪ್ಪಿಗೆಯಿಂದಲ್ಲ. ಆ ದಿನದ ಅಂಕಿಯೂ ಮೂರೇ. ಇದು ಮಾರ್ಚ್ ತಿಂಗಳು, ಎರಡು ಸಾವಿರದ ಇಪ್ಪತ್ತಮೂರು.

ಜುಲೈಯಲ್ಲಿ ಮತ್ತೊಂದು ಅಳತೆಯಿತ್ತು. ಹಿಂದಿನ ಸಂಜೆ ನಿರ್ವಾಹಕಿ ಫೋನು ಮಾಡಿದರು. "ನಾಳೆ ನಮ್ಮ ಕಡೆ ನೀರ ಬರ್ತಾವಂತ್ರಿ. ನಾಡದ ಬರ್ತೇನಿ." ನಾನು ಆಗಲೆಂದು ಹೇಳಿ ದಿನ ಬದಲಿಸಿದೆ.

ಈ ಊರುಗಳಲ್ಲಿ ಬಾಳಿದವರಿಗೆ ಆ ಮಾತು ವಿವರಣೆಯನ್ನು ಬೇಡುವುದಿಲ್ಲ. ನಳಕ್ಕೆ ವಾರಕ್ಕೊಮ್ಮೆ, ಕೆಲವು ಬಡಾವಣೆಗಳಲ್ಲಿ ಇನ್ನೂ ತಡವಾಗಿ ನೀರು ಬರುತ್ತದೆ. ಬರುವ ದಿನ ಮನೆಯಲ್ಲಿರಲೇಬೇಕು. ಬರಬಹುದೆಂಬ ದಿನವೂ ಇರಬೇಕು. ಮದುವೆಯ ಮಾತುಕತೆ, ಬ್ಯಾಂಕಿನ ಕೆಲಸ, ಶಾಲೆಯ ಪಾಲಕರ ಸಭೆ ಎಲ್ಲವೂ ಅದರ ಸುತ್ತ ಸರಿದುಕೊಳ್ಳುತ್ತವೆ. ಧಾರವಾಡದ ನನ್ನ ಮನೆಯಲ್ಲಿಯೂ ಅದೇ ಕ್ರಮ. ಆದ್ದರಿಂದಲೇ ಘಟಕದಲ್ಲಿ, ಮೊದಲ ಭೇಟಿಯ ದಿನವನ್ನು ನಾವು ಗೊತ್ತುಮಾಡಿದರೂ ಅನಂತರದ ದಿನಗಳ ಆಯ್ಕೆಯನ್ನು ರೋಗಿಗಳಿಗೇ ಬಿಟ್ಟಿದ್ದೆವು. ಅದು ಸೌಜನ್ಯವೆಂದು ನಾವೆಲ್ಲ ತಿಳಿದಿದ್ದೆವು.

ಅವರು ನಾಡಿದ್ದು ಬಂದರು. ಅವರ ಸೊಂಟದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವರು ತಮ್ಮಷ್ಟಕ್ಕೆ ತಾವೇ ನಕ್ಕು ಹೇಳಿದರು:

"ನಿನ್ನಿ ಮೂರ ಬ್ಯಾರಲ್ ತುಂಬೇನ್ರಿ. ಬಗ್ಗಿ ಎದ್ದು, ಬಗ್ಗಿ ಎದ್ದು ಬೆನ್ನs ಸಡ್ಲಾಗೇತಿ. ಇವತ್ತ ನಿಮ್ಮ ಟೇಪ್ ಸಾಲೂದಿಲ್ಲ ನೋಡ್ರಿ."

ಪ್ರಶ್ನೆಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯನ್ನು ನಾನು ಕೇಳಿದ್ದು ಆಗ. "ಇಂಥಾ ಬೆನ್ನು ಇಟ್ಟುಕೊಂಡು ಮೂರು ಬ್ಯಾರಲ್ ಹ್ಯಾಂಗ್ ತುಂಬಿದ್ರಿ?"

"ಅತ್ತಿ ಗುಳಿಗಿ ಎರಡು ನುಂಗತೇನ್ರಿ. ಅವರ ಮೊಣಕಾಲಿಂದು. ಇಲ್ಲಂದ್ರ ಕೊಡ ಏಳ್ತೈತೇನ್ರಿ? ಮತ್ತ ಮರದಿನ ಮುಂಜಾನಿ ಎರಡು. ಇಲ್ಲಿ ಮಟಾ ಬರಾಕೂ ಬೇಕಲ್ಲ."

ಪೆನ್ನು ನನ್ನ ಕೈಯಲ್ಲಿಯೇ ಉಳಿಯಿತು. "ಪ್ರತೀ ಸಲ?"

"ನೀರ ಬಂದಾಗ ಅಷ್ಟರಿ. ಉಳಿದ ದಿನ ಮುಟ್ಟೂದಿಲ್ಲ, ಡಾಕ್ಟರ್ ಅಮ್ಮಾರು ಬೈತಾರ."

"ಔಷಧ ಏನರ ತಗೊಂತೀರೇನು ಅಂತ ಅವರು ಕೇಳಿದಾಗ ಇಲ್ಲ ಅಂದಿದ್ರಿ."

"ನನ್ನ ಔಷಧ ಕೇಳಿದ್ರಲ್ರಿ. ಅವು ಅತ್ತಿಯವು," ಎಂದರು. ಆ ಧ್ವನಿಯಲ್ಲಿ ಕಪಟವಿರಲಿಲ್ಲ. ಆ ಮನೆಯಲ್ಲಿ ಅತ್ತೆಯ ಡಬ್ಬಿಯ ಗುಳಿಗೆ, ಅತ್ತೆಯ ಡಬ್ಬಿಯ ಅಡಿಕೆಯಂತೆಯೇ. ಕೇಳದೆ ತೆಗೆದುಕೊಳ್ಳಬಹುದಾದ ಸಲಿಗೆಯ ವಸ್ತು.

ಮೊದಲ ಭೇಟಿಯ ದಿನವನ್ನು ನಾವು ಗೊತ್ತುಮಾಡಿದ್ದೆವು, ಆಗ ಆರು. ಉಳಿದವೆಲ್ಲ ಅವರು ಆರಿಸಿದ ದಿನಗಳು, ಅಂದರೆ ನೀರು ಬಂದ ಮರುದಿನಗಳು, ಎಲ್ಲವೂ ಮೂರು. ಕಳೆದ ಏಳು ದಿನಗಳ ಬಗ್ಗೆ ಪ್ರಶ್ನೆ ಕೇಳಿದರೂ ಮನುಷ್ಯ ಉತ್ತರಿಸುವುದು ನಿನ್ನೆಯ ಮತ್ತು ಇಂದಿನ ಮೈಯಿಂದ. ನಾಲ್ಕು ಗುಳಿಗೆಗಳು ಉರಿಯನ್ನು ಮುಚ್ಚಿದ್ದ ಆ ಒಂದು ಬೆಳಿಗ್ಗೆಯನ್ನಷ್ಟೇ ನಾವು ವರ್ಷವಿಡೀ ಅಳೆದಿದ್ದೆವು. ಅದೇ ಹೊತ್ತಿನಲ್ಲಿ, ಒಮ್ಮೆ ರಕ್ತ ಸುರಿಸಿದ ಹೊಟ್ಟೆಗೆ ಅದೇ ಜಾತಿಯ ಗುಳಿಗೆಗಳು ವಾರಕ್ಕೊಮ್ಮೆ ಇಳಿಯುತ್ತಿದ್ದವು.

ವೈದ್ಯೆಗೆ ತಿಳಿಸಿದೆ. ಧಾರವಾಡದ ಹಳೆಯ ಮನೆತನದವರು. ಸಿಟ್ಟು ಬಂದಾಗಲೂ ಮಾತು ಏರುವುದಿಲ್ಲ. ನಿರ್ವಾಹಕಿಯನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ಇನ್ನೊಂದು ಸಲ ಹೊಟ್ಟಿ ಒಡದ್ರ ನಿಮ್ಮನ್ನ ಇಲ್ಲಿ ಮಟಾ ತರೂದ್ರಾಗ ಮುಗದಿರ್ತದ. ಕುತ್ತಿಗಿ ವಿಚಾರ ಬರೂದs ಇಲ್ಲ."

"ಹಂಗಾರ ನೀರು ಯಾರ್ ತುಂಬಬೇಕ್ರಿ?" ಎಂದು ಅವರು ಕೇಳಿದರು.

ಅವರು ಹೋದ ಮೇಲೆ ವೈದ್ಯೆಯೂ ನಾನೂ ಮುಂದಿನ ಕ್ರಮವನ್ನು ನಿರ್ಧರಿಸಿದೆವು. ದಿನವನ್ನು ನಾವೇ ಗೊತ್ತುಮಾಡಬೇಕು, ಯಾವ ಕಾರಣಕ್ಕೂ ಬದಲಿಸಬಾರದು. ಅದಕ್ಕೆ ಮೊದಲಿನ ಇಡೀ ವಾರವಂತೂ ಯಾರ ಡಬ್ಬಿಯ ಗುಳಿಗೆಯೂ ಹೊಟ್ಟೆಗೆ ಹೋಗಬಾರದು. ಅಳತೆ ಬೆಳಿಗ್ಗೆಯೇ ಆಗಬೇಕು.

"ಅಂದ್ರ ಮಾಸ್ತರ," ಎಂದರು ವೈದ್ಯೆ, "ನೋವು ಅದ ಅಂತ ತೋರಸ್ಲಿಕ್ಕೆ ಆಕಿನ್ನ ಒಂದು ವಾರ ನೋವಿನಾಗ ಬಿಡೂದು."

"ಹೌದ್ರಿ."

"ಎರಡು ಸಲ."

"ಎರಡು ಸಲ," ಎಂದೆ.

ಆಗಸ್ಟಿನ ಗೊತ್ತುಮಾಡಿದ ದಿನ, ಬೆಳಿಗ್ಗೆ ನಾನು ಧಾರವಾಡದಿಂದ ಹೊರಡುವಷ್ಟರಲ್ಲಿಯೇ ಫೋನು ಬಂತು. ಮಾತಾಡಿದವರು ಅತ್ತೆ. "ಏಳಾಕs ಆಗವಲ್ದು ಆಕಿಗೆ. ಬಸ್ ಹತ್ತೂದ ಎಲ್ಲಿಂದ ಬಂತು? ಇವತ್ತs ನೀರೂ ಬಂದಾವು. ನಾಳೆ ಕಳಸ್ತೇನಿ ತಗೋರಿ."

ಘಟಕಕ್ಕೆ ಹೋಗಿ ವೈದ್ಯೆಯನ್ನು ಕೇಳಿದೆ. ಮುಂದೂಡೋಣವೆಂಬುದೇ ಅವರ ಮೊದಲ ಮಾತು. ಮನೆಗೆ ಹೋಗಿ ಅಳೆಯುವ ರೂಢಿ ಘಟಕಕ್ಕೆ ಇರಲಿಲ್ಲ. ಆದರೆ ನಾಳೆಯೆಂದರೆ ಮತ್ತೆ ಅದೇ ಮರುದಿನ. ನೀರು ತುಂಬಿಯೇ ತುಂಬುತ್ತಾರೆ, ಗುಳಿಗೆ ನುಂಗಿಯೇ ನುಂಗುತ್ತಾರೆ, ನಾನು ಮತ್ತೊಮ್ಮೆ ಮೂರು ಎಂದು ಬರೆಯುತ್ತೇನೆ. "ಬೆಳಿಗ್ಗೆ ಅಂತ ಅಷ್ಟs ನಿಯಮದಾಗ ಅದ್ರಿ. ಎಲ್ಲಿ ಅಂತ ಬರದಿಲ್ಲ," ಎಂದೆ. ಅವರು "ಹೋಗಿ ಬರ್ರಿ," ಎಂದರು. ಟೇಪು, ಪೆನ್ನು, ಕೋನಮಾಪಕ, ಪ್ರಶ್ನೆಗಳ ಹಾಳೆ ಚೀಲಕ್ಕೆ ಹಾಕಿಕೊಂಡು ಗಬ್ಬೂರಿಗೆ ಹೋದೆ.

ಓಣಿಯ ತುಂಬ ಕೊಡಗಳ ಸದ್ದು. ಪೈಪುಗಳು ಒಂದರ ಮೇಲೊಂದು ಹಾದುಹೋಗಿದ್ದವು. ಯಾರ ಪೈಪನ್ನು ಯಾರು ತುಳಿದರೆಂಬ ಜಗಳ ಎಲ್ಲಿಯೋ ನಡೆದಿತ್ತು. ಮನೆಯ ಹೊಸ್ತಿಲೊಳಗೆ ಅತ್ತೆ ಅರ್ಧ ತುಂಬಿದ ಕೊಡವನ್ನು ಎರಡು ಕೈಯಲ್ಲಿ ಹಿಡಿದು, ಮೊಣಕಾಲು ಮಡಿಸದೆ, ಪಕ್ಕಕ್ಕೆ ತೂಗುತ್ತ ಹೋಗುತ್ತಿದ್ದರು. ಒಳಕೋಣೆಯಲ್ಲಿ, ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ, ಚಾಪೆಯ ಮೇಲೆ ನಿರ್ವಾಹಕಿ ಒಂದೇ ಮಗ್ಗುಲಾಗಿ ಮಲಗಿದ್ದರು. ನನ್ನನ್ನು ನೋಡಲು ಕುತ್ತಿಗೆ ತಿರುಗಲಿಲ್ಲ. ಕಣ್ಣುಗಳು ಮಾತ್ರ ತಿರುಗಿದವು.

"ಬರ್ರಿ ಮಾಸ್ತರ. ಹಿಂದಿನ ಬಾಗಲದಿಂದ ಹತ್ರಿ," ಎಂದರು. ನಗಲು ಹೋಗಿ ಪಕ್ಕೆಲುಬು ಹಿಡಿದುಕೊಂಡಿತು.

ಎಂದಿನಂತೆ ಮೊದಲ ಪ್ರಶ್ನೆಯನ್ನು ಓದಿದೆ: "ಕಳೆದ ಏಳು ದಿನಗಳಲ್ಲಿ ನೀವು ಅನುಭವಿಸಿದ ಆಯಾಸವನ್ನು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿಯಿಂದ ಸೂಚಿಸಿರಿ." ಏಳು ಎಂದರು. ಎರಡನೆಯ ಪ್ರಶ್ನೆ, ಕುತ್ತಿಗೆ ಮತ್ತು ಬೆನ್ನಿನ ನೋವು.

"ಹತ್ತರ ಮ್ಯಾಲ ಅಂಕಿ ಇಲ್ಲೇನ್ರಿ ನಿಮ್ಮ ಸಾಲ್ಯಾಗ?"

"ಇಲ್ರೀ."

"ಹಂಗಾರ ಒಂಬತ್ತು ಬರೀರಿ. ಹತ್ತು ಮುಂದಕ್ಕ ಬೇಕಾಕ್ಕೈತಿ."

ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ಅತ್ತೆ ಒಳಗೆ ಬಂದರು. ಸೀರೆಯ ಸೆರಗು ನೆನೆದಿತ್ತು. ಮುಷ್ಟಿಯಲ್ಲಿ ಏನೋ ಇತ್ತು.

"ಮಾಸ್ತರ, ಒಂದs ಅರ್ಧ ಕೊಡ್ಲೇನ್ರಿ? ವಾರ ಆತು ನೋಡಾಕತ್ತಿ. ನನಗ ನೋಡಾಕ ಆಗವಲ್ದು."

"ಬ್ಯಾಡ್ರಿ," ಎಂದೆ. "ಅಳತಿ ಇನ್ನೂ ಮುಗದಿಲ್ಲ. ಮುಗದ ಮ್ಯಾಲೂ ಅದನ್ನ ಕೊಡಬ್ಯಾಡ್ರಿ. ಹೊಟ್ಟಿ ಒಡೀತದ."

"ನೀವು ಮನಷ್ಯಾರೇನ್ರಿ?"

ಅವರು ಅದನ್ನು ಬೈಗುಳವಾಗಿ ಹೇಳಲಿಲ್ಲ. ಉತ್ತರ ಬೇಕೆಂಬಂತೆ ಕೇಳಿ ನಿಂತರು. ನಾನು ಹಾಳೆಯನ್ನು ನೋಡಿದೆ. ಚಾಪೆಯಿಂದ ಸೊಸೆ ಹೇಳಿದರು: "ಅತ್ತಿ, ಸುಮ್ಕಿರ್ರಿ. ಅವರ ಕೆಲಸ ಅವರು ಮಾಡ್ಲಿ. ನೀವು ಹೋಗ್ರಿ, ನೀರು ಹೋಗ್ತಾವು."

ಅತ್ತೆ ಹೋದರು. ಐದನೆಯದನ್ನೂ ಆರನೆಯದನ್ನೂ ಓದಿ ಮುಗಿಸಿದೆ. ಇನ್ನು ಗೋಡೆ. ಅವರು ಬಾಗಿಲ ಚೌಕಟ್ಟು ಹಿಡಿದು, ಮೊದಲು ಮಂಡಿಯ ಮೇಲೆ, ಅನಂತರ ಒಂದು ಪಾದದ ಮೇಲೆ, ಹೀಗೆ ತುಂಡುತುಂಡಾಗಿ ಎದ್ದು ನಿಂತರು. ಏಳುವಾಗ ಕೈ ಕೊಡಕೂಡದೆಂಬ ನಿಯಮವಿಲ್ಲ. ಆದರೂ ನಾನು ಕೊಟ್ಟ ಕೈಯನ್ನು ಅವರು ಹಿಡಿಯಲಿಲ್ಲ. ಹಿಮ್ಮಡಿ ಗೋಡೆಗೆ, ಬೆನ್ನು ಗೋಡೆಗೆ. ತಲೆಯನ್ನು ಎಷ್ಟಾಗುತ್ತದೆಯೋ ಅಷ್ಟು ಹಿಂದಕ್ಕೆ ಒತ್ತಲು ಹೇಳಿದೆ. ಒತ್ತಿದರು. ಕುತ್ತಿಗೆಯ ನರಗಳು ಉಬ್ಬಿ ನಿಂತವು. ಐದು ಸೆಂಟಿಮೀಟರು. ಅಂಗಳದಲ್ಲಿ ನೀರಿನ ಸದ್ದು ತೆಳ್ಳಗಾಗಿ, ಆಮೇಲೆ ಬರಿಯ ಗಾಳಿಯ ಸದ್ದಾಗಿ ನಿಂತಿತು. ಒಂದೇ ಬ್ಯಾರಲು ತುಂಬಿತ್ತು.

ಅಂಕಿ ಏಳಕ್ಕಿಂತ ಮೇಲೆ ಬಂತು.

ಎರಡನೆಯ ಅಳತೆ ಅಕ್ಟೋಬರಿನಲ್ಲಿ, ಅದೇ ಮನೆಯಲ್ಲಿ, ಅದೇ ರೀತಿ ನಡೆಯಿತು. ಆಗ ದಸರೆಯ ರಜೆಗೆ ಗಂಡ ಬಂದಿದ್ದರು. ಅವರು ಇಡೀ ಹೊತ್ತು ಬಾಗಿಲಾಚೆ ನಿಂತಿದ್ದು, ನಾನು ಹೊರಟಾಗ ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದರು. ಅತ್ತೆ ಚಹ ಕೊಟ್ಟರು, ನನ್ನ ಮುಖ ನೋಡಲಿಲ್ಲ. ಅಂಕಿ ಮತ್ತೆ ಏಳು. ಎರಡೂ ಅಳತೆಗಳ ಜೊತೆಗೆ, ಹಿಂದಿನ ಮೂರುಗಳು ಹೇಗೆ ಬಂದವೆಂಬುದನ್ನು ಒಂದು ಪುಟದಲ್ಲಿ ಬರೆದು ವೈದ್ಯೆಯ ಸಹಿಯೊಂದಿಗೆ ಸಮಿತಿಗೆ ಕಳುಹಿಸಿದೆವು. ಈ ಸಲ ಸಮಿತಿ ಪ್ರಶ್ನೆಯನ್ನೇ ಎತ್ತದೆ ಚುಚ್ಚುಮದ್ದನ್ನು ಮಂಜೂರು ಮಾಡಿತು.

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಈ ಚುಚ್ಚುಮದ್ದು ದೇಹದ ಕಾವಲನ್ನು ಸಡಿಲಿಸುವುದರಿಂದ, ಒಳಗೆ ಕ್ಷಯದ ಬೀಜ ಮಲಗಿದ್ದರೆ ಅದು ಎದ್ದು ಕೂರುತ್ತದೆ. ಕೊಡುವ ಮೊದಲು ಪರೀಕ್ಷೆ ಕಡ್ಡಾಯ. ಪರೀಕ್ಷೆಯಲ್ಲಿ ಬೀಜ ಕಂಡಿತು. ಇಡೀ ದಿನ ಕಿಕ್ಕಿರಿದ ಬಸ್ಸಿನಲ್ಲಿ ಉಸಿರಾಡುವವರಿಗೆ ಅದು ಅಪರೂಪವಲ್ಲ. ಅದಕ್ಕೆ ಮೊದಲು ಗುಳಿಗೆ ಶುರುಮಾಡಿ, ಯಕೃತ್ತು ತಾಳಿಕೊಳ್ಳುತ್ತದೆಯೇ ಎಂದು ನೋಡಿ, ಆಮೇಲೆಯೇ ಚುಚ್ಚುಮದ್ದು. ಯಕೃತ್ತು ಮೊದಲ ಸಲ ತಾಳಿಕೊಳ್ಳಲಿಲ್ಲ. ಕಣ್ಣು ಹಳದಿಯಾಯಿತು; ಗುಳಿಗೆ ನಿಲ್ಲಿಸಿ, ಕಾದು, ಬೇರೆಯದನ್ನು ಕೊಟ್ಟರು. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು. ಅವರು ವೇತನವಿಲ್ಲದ ರಜೆಯಲ್ಲಿದ್ದರು. ಫೋನಿನಲ್ಲಿ ಒಂದು ಸಲ ಹೇಳಿದರು: "ಮಾಸ್ತರ, ಇತ್ತೀಚಿಗೆ ಕುತ್ತಿಗಿ ನೋವು ಕಡಿಮಿ ಆಗಾಕತ್ತೈತಿ. ಛಲೋ ಅಲ್ರೀ?"

ಛಲೋ ಎಂದು ಹೇಳಲು ನನ್ನಿಂದಾಗಲಿಲ್ಲ. ನೋವಿನ ಗುಳಿಗೆಯೂ ಇಲ್ಲದೆ, ಚುಚ್ಚುಮದ್ದೂ ಇಲ್ಲದೆ, ಈ ಕಾಯಿಲೆಯಲ್ಲಿ ಕೀಲಿನ ನೋವು ತಾನಾಗಿ ಇಳಿಯುವುದಕ್ಕೆ ಇರಬಹುದಾದ ಕಾರಣವನ್ನು ನಾನು ಬಲ್ಲವನಾಗಿದ್ದೆ. ಕೀಲು ಇದ್ದರೆ ತಾನೆ ನೋಯುವುದು. "ಡಾಕ್ಟರಿಗೆ ಹೇಳ್ರಿ," ಎಂದಷ್ಟೇ ಹೇಳಿ ಫೋನು ಇಟ್ಟೆ.

ಜನವರಿಯಲ್ಲಿ ಮೊದಲ ಚುಚ್ಚುಮದ್ದು. ಮದ್ದು ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತು. ಏಪ್ರಿಲಿನ ಹೊತ್ತಿಗೆ ಅಂಕಿ ಎರಡಕ್ಕೆ ಇಳಿಯಿತು. ಅದು ನಾವೇ ಗೊತ್ತುಮಾಡಿದ ದಿನದ, ಯಾರ ಗುಳಿಗೆಯೂ ಇಲ್ಲದ ಬೆಳಗಿನ ಎರಡು. ಬೆಳಗಿನ ಬಿಗಿತ ಇಲ್ಲವೇ ಇಲ್ಲವೆನ್ನುವಷ್ಟಾಯಿತು. ಅವರು ಮೈಕೈ ತುಂಬಿಕೊಂಡರು, ನಿದ್ದೆ ಬರುತ್ತಿದೆಯೆಂದರು. ಅವರು ಬಸ್ಸಿಗೆ ಮರಳುವ ಮೊದಲು ಸಾರಿಗೆ ಸಂಸ್ಥೆಯು ನಮ್ಮ ಘಟಕದ ಅಂತಿಮ ವರದಿಯನ್ನು ಕೇಳಿತು. ವೈದ್ಯೆ ಕುತ್ತಿಗೆಯ ಹೊಸ ಎಕ್ಸ್‌ರೇ ತೆಗೆಸಿದರು.

ಆ ದಿನ ಅವರು ಅತ್ತೆಯೊಂದಿಗೆ ಬಂದಿದ್ದರು, ಸಮವಸ್ತ್ರದಲ್ಲಿ. ಇನ್ನೂ ಕೆಲಸಕ್ಕೆ ಕರೆದಿರಲಿಲ್ಲ; ಆದರೂ ತೊಟ್ಟಿದ್ದರು, ಇಸ್ತ್ರಿಯ ಗೆರೆ ಹಾಗೆಯೇ ಇತ್ತು. ಅವರನ್ನು ಗೋಡೆಗೆ ನಿಲ್ಲಿಸಿದೆ. ಐದೂವರೆ ಸೆಂಟಿಮೀಟರು. ಕೋನಮಾಪಕ ಹಿಡಿದು, ಬಲಕ್ಕೆ ತಿರುಗಿಸಲು ಹೇಳಿದೆ. ಮುಳ್ಳು ಸ್ವಲ್ಪವೇ ಸರಿದು ನಿಂತಿತು. ಎಡಕ್ಕೆ ಎಂದೆ.

"ತಿರಗಿಸೀನ್ರಿ," ಎಂದರು.

ಮುಳ್ಳು ಅಲುಗಿರಲಿಲ್ಲ. ಅವರು ಮತ್ತೊಮ್ಮೆ ಪ್ರಯತ್ನಿಸಿದರು. ಈ ಸಲ ಭುಜ, ಸೊಂಟ, ಪಾದ, ಇಡೀ ದೇಹವೇ ಎಡಕ್ಕೆ ತಿರುಗಿತು, ಮುಖ ಮಾತ್ರ ಎದೆಯ ನೇರಕ್ಕೇ ಉಳಿಯಿತು.

ವೈದ್ಯೆ ಎಕ್ಸ್‌ರೇಯನ್ನು ಬೆಳಕಿನ ಫಲಕಕ್ಕೆ ಸಿಕ್ಕಿಸಿ ತೋರಿಸಿದರು. ಕುತ್ತಿಗೆಯ ಕೆಳಗಿನ ಮಣಿಗಳ ನಡುವೆ ಮೊದಲು ಕಪ್ಪು ಗೆರೆಗಳಿದ್ದ ಜಾಗದಲ್ಲಿ ಈಗ ಒಂದೇ ಬಿಳಿಯ ಕಂಬ. "ಇನ್ನ ಮುಂದ ಬೆಳಿಯೂದಿಲ್ಲ," ಎಂದರು. "ಬೆಳದಿದ್ದು ಹೋಗೂದಿಲ್ಲ. ಹಿಂದಿನ ವರ್ಷ ಕೊಟ್ಟಿದ್ರ..."

"ಬಸ್ಸು?" ಎಂದು ನಿರ್ವಾಹಕಿ ಕೇಳಿದರು.

"ಬಸ್ಸು ಆಗೂದಿಲ್ಲ. ಡಿಪೋದಾಗ ಕೂತು ಮಾಡೂ ಕೆಲಸಕ್ಕ ಬರದು ಕೊಡ್ತೇನಿ."

ಅತ್ತೆ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದುಕೊಂಡೆ. ಅವರು ಬೈಯಲಿಲ್ಲ. "ಆ ವಾರ ಆಕಿ ತಡ್ಕೊಂಡಿದ್ದೆಲ್ಲಾ ಯಾತಕ್ಕ ಬಂತ್ರಿ ಮಾಸ್ತರ?" ಎಂದು ಕೇಳಿದರು. ಉಳಿದ ಬೆನ್ನಾದರೂ ಉಳಿಯಿತು, ಹೊಟ್ಟೆ ಉಳಿಯಿತು ಎಂದು ಹೇಳಬಹುದಾಗಿತ್ತು. ಅವು ನಿಜವೂ ಆಗಿದ್ದವು. ಆದರೆ ಅವರು ಕೇಳಿದ್ದು ಕುತ್ತಿಗೆಯನ್ನು.

ಅಂತಿಮ ವರದಿಯ ಅಭಿಪ್ರಾಯದ ಜಾಗದಲ್ಲಿ ವೈದ್ಯೆ ಹೇಳಿದಂತೆ ನಾನು ಬರೆದೆ: ರೋಗದ ಚಟುವಟಿಕೆ ಶಾಂತವಾಗಿದೆ. ಕುತ್ತಿಗೆಯ ಚಲನೆ ಮರಳುವುದಿಲ್ಲ. ಎರಡು ಸಲ ಓದಿದೆ; ತಿದ್ದಬೇಕಾದದ್ದು ಏನೂ ಇರಲಿಲ್ಲ. ವೈದ್ಯೆ ಸಹಿ ಹಾಕಿದರು. ಅದರ ಕೆಳಗೆ ಅಳತೆ ಮಾಡಿದವನಾಗಿ ನಾನೂ ಸಹಿ ಹಾಕಿ ದಿನಾಂಕ ನಮೂದಿಸಿದೆ: ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ, ಜೂನ್ ಹದಿನೆಂಟು, ಮಂಗಳವಾರ.